ನೆಲದಿಂದ ಏಳುವುದು ಯಾವ ಪಟ್ಟಿಯಲ್ಲಿದೆ?

ಫಿಸಿಯೋಥೆರಪಿ ಕಾಲೇಜು, ಮೊದಲ ವರ್ಷದ ಪ್ರಾಯೋಗಿಕ ತರಗತಿ. ಹುಡುಗ ಹುಡುಗಿಯರು ಇಬ್ಬಿಬ್ಬರಾಗಿ ಕೂತು ಒಬ್ಬರ ಮೊಣಕೈಯನ್ನು ಇನ್ನೊಬ್ಬರು ಅಳೆಯುತ್ತಿದ್ದಾರೆ. ಕೈಯಲ್ಲಿ ಗೋನಿಯೋಮೀಟರ್. ಎರಡು ಪಾರದರ್ಶಕ ಪಟ್ಟಿಗಳ ನಡುವೆ ಒಂದು ಕೋನಮಾಪಕ. ಒಂದು ಪಟ್ಟಿ ತೋಳಿನ ಮೂಳೆಗುಂಟ, ಇನ್ನೊಂದು ಮುಂಗೈಗುಂಟ. ಮಡಿಸಿದಾಗ ಎಷ್ಟು ಡಿಗ್ರಿ, ನೀಡಿದಾಗ ಎಷ್ಟು ಡಿಗ್ರಿ ಎಂದು ಬರೆದುಕೊಳ್ಳುತ್ತಾರೆ. ನನ್ನ ಗಮನ ಸೆಳೆದದ್ದು ಅಳತೆಗೂ ಮೊದಲಿನ ಒಂದು ಮಾತು. ಪಕ್ಕದಲ್ಲೇ ಊಟ ಮಾಡುವ ಗೆಳತಿಯ ಕೈ ಹಿಡಿಯುವಾಗಲೂ "ಕೈ ಮುಟ್ತೀನಿ, ಪರವಾಗಿಲ್ವಾ?" ಎಂದು ಕೇಳಲೇಬೇಕು. ಕೇಳದೆ ಹಿಡಿದ ಹುಡುಗನಿಗೆ ಮೇಡಂ ಕೈಬಿಟ್ಟು ಮತ್ತೆ ಮೊದಲಿನಿಂದ ಶುರು ಮಾಡಲು ಹೇಳಿದರು.

ನಾಳೆ ಇವರು ಮುಟ್ಟಬೇಕಾದವರು ಅಜ್ಜಂದಿರು, ಬಾಣಂತಿಯರು, ಮಾತು ಬಾರದ ಮಕ್ಕಳು. ಪ್ರಜ್ಞೆ ಮಂಕಾಗಿ ಮಲಗಿರುವವರನ್ನು ಮುಟ್ಟುವಾಗಲೂ ಹೇಳಿಯೇ ಮುಟ್ಟಬೇಕಂತೆ. ಹದಿನೆಂಟು ವರ್ಷದ ಮಕ್ಕಳಿಗೆ ಇಷ್ಟು ಬೇಗ ಇಂಥ ಪಾಠ ಹೇಳುವ ತರಗತಿಗಳು ನಮ್ಮಲ್ಲಿ ಇನ್ನೆಷ್ಟಿವೆ?

*

ಹೊರರೋಗಿ ವಿಭಾಗದಲ್ಲಿ ದಿನವಿಡೀ ಕೇಳುವ ಮಾತು: "ಕರೆಂಟ್ ಕೊಡಿ ಮೇಡಂ."

ಸೊಂಟನೋವಿನವರು, ಮಂಡಿನೋವಿನವರು, ಕುತ್ತಿಗೆ ಹಿಡಿದವರು, ಎಲ್ಲರಿಗೂ ಬೇಕಾದದ್ದು ಅದೇ. ಪ್ಯಾಡ್ ಅಂಟಿಸಿ ಚುಮುಚುಮು ಎನ್ನಿಸುವ ಯಂತ್ರಕ್ಕೆ ಜನ ಇಟ್ಟ ಹೆಸರು ಕರೆಂಟ್. ಮೇಣದ ಸ್ನಾನ, ಬಿಸಿಪಟ್ಟಿ ಎಲ್ಲ ಸೇರಿ ಶಾಖ. ಇಂಟರ್ನಿ ಹುಡುಗಿ ಕರೆಂಟ್ ಕೊಡುತ್ತಾಳೆ. ಆಮೇಲೆ ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, "ಇದನ್ನ ಒತ್ತಿ ಹಿಡೀರಿ, ಐದು ಎಣಿಸಿ, ಬಿಡಿ. ಮನೇಲಿ ದಿನಾ ಮೂರು ಸಲ ಮಾಡಬೇಕು" ಎನ್ನುತ್ತಾಳೆ. ಹೆಂಗಸು ತಲೆಯಾಡಿಸಿ ಹೋಗುತ್ತಾರೆ. ಮರುವಾರ ಬಂದಾಗ "ಮನೇಲಿ ಮಾಡಿದ್ರಾ ಅಮ್ಮಾ?" ಎಂದರೆ, "ಎಲ್ಲಮ್ಮಾ ಆಗುತ್ತೆ, ನೀವು ಕರೆಂಟ್ ಕೊಟ್ಟಿದ್ದೇ ಚೆನ್ನಾಗಿತ್ತು."

ನಾಲ್ಕು ವರ್ಷ ಪಾಠ, ಆರು ತಿಂಗಳು ಇಂಟರ್ನ್‌ಶಿಪ್, ನಡುವೆ ಶವ ಕೊಯ್ದು ಒಂದೊಂದು ಸ್ನಾಯುವಿನ ಹುಟ್ಟು ಕೊನೆ ಗುರುತಿಸಿದ್ದು, ಎಲ್ಲ ಸೇರಿ ಕಲಿಸುವುದು ಮುಖ್ಯವಾಗಿ ಒಂದು ವಿಷಯ: ಸ್ನಾಯು ಬಲಗೊಳ್ಳುವುದು ಅದರ ಯಜಮಾನ ಅದನ್ನು ದುಡಿಸಿಕೊಂಡಾಗ. ರೋಗಿಗೆ ಬೇಕಾದದ್ದು ಬೇರೆಯವರು ತನಗೆ ಏನಾದರೂ ಮಾಡುವುದು. ಈ ಎರಡರ ನಡುವೆ ಆ ಹುಡುಗಿ ನಿಂತಿದ್ದಾಳೆ. ಮಾತ್ರೆಯನ್ನು ನುಂಗಿಸಬಹುದು; ಟವೆಲ್ ಒತ್ತುವುದನ್ನು ಬಾಯಿಗೆ ಹಾಕಲಾಗುವುದಿಲ್ಲ. ವ್ಯಾಯಾಮವನ್ನು ಹೇಗೆ ಒಪ್ಪಿಸಬೇಕು ಎಂಬುದಕ್ಕೆ ಪಠ್ಯದಲ್ಲಿ ಎಷ್ಟು ಪುಟ ಇದೆ ಎಂದು ಕೇಳಿದೆ. "ಅದನ್ನ ಪೇಶೆಂಟ್ಸೇ ಕಲಿಸ್ತಾರೆ ಸರ್" ಎಂದಳು.

*

ಲಕ್ವ ಹೊಡೆದ ಗಂಡನನ್ನು ಕರೆತಂದಿದ್ದ ಹೆಂಗಸು ಕಾರಿಡಾರಿನಲ್ಲಿ ಇನ್ನೊಬ್ಬರಿಗೆ ಹೇಳುತ್ತಿದ್ದರು: "ಮೊನ್ನೆ ಪವರ್ ಒಂದಿತ್ತು, ಈಗ ಮೂರಾಗೈತೆ." ಸ್ನಾಯುಬಲವನ್ನು ಸೊನ್ನೆಯಿಂದ ಐದರವರೆಗೆ ಎಣಿಸುವ ಈ ಕ್ರಮವನ್ನು ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, ನರಗಳಿಗೆ ಏಟಾದವರನ್ನು ಪರೀಕ್ಷಿಸಲು ಜಾರಿಗೆ ತಂದಿತು. ಒಂದು ಎಂದರೆ ಸ್ನಾಯು ಸುಮ್ಮನೆ ಮಿಡಿಯುತ್ತದೆ. ಎರಡು ಎಂದರೆ ಕೈಯ ಭಾರವನ್ನು ಮಂಚವೇ ಹೊತ್ತಾಗ ಅದು ಅತ್ತಿತ್ತ ಸರಿಯುತ್ತದೆ. ಮೂರು ಎಂದರೆ ಭೂಮಿಯ ಸೆಳೆತಕ್ಕೆ ಎದುರಾಗಿ ಮೇಲೇಳುತ್ತದೆ.

ಯುದ್ಧಕಾಲದ ಲೆಕ್ಕ ನಮ್ಮ ಜಿಲ್ಲಾಸ್ಪತ್ರೆಯ ಕಾರಿಡಾರಿನಲ್ಲಿ ಮನೆಮಾತಾಗಿದೆ. ಆದರೆ ಮೂರು ಬಂದ ಕೈ ಚೊಂಬಿನಷ್ಟು ನೀರನ್ನೂ ಎತ್ತದು. ಎತ್ತಲು ನಾಲ್ಕು ಬೇಕು. ಆ ಹೆಂಗಸು ಮೂರಕ್ಕೆ ಹಿಗ್ಗಿದ್ದಾರೆ. ಮೂರರ ಅರ್ಥವನ್ನು ಅವರಿಗೆ ಯಾರು, ಯಾವಾಗ, ಹೇಗೆ ಹೇಳಬೇಕು? ಕಾರಿಡಾರಿನಲ್ಲಿದ್ದ ವಿದ್ಯಾರ್ಥಿಗಳು ಹೇಳಲಿಲ್ಲ. ನಾನೂ ಆ ಹೊತ್ತಿಗೆ ಅದೇ ಸರಿ ಅಂದುಕೊಂಡೆ.

*

ಈಗ ಪಟ್ಟಿಯ ವಿಷಯ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಗೊಂದಲಕ್ಕೆ ಕೆಡವಿದ್ದು ಇದು.

ಬಾರ್ತೆಲ್ ಇಂಡೆಕ್ಸ್ ಎಂಬ ಅಳತೆಯನ್ನು ಪುನರ್ವಸತಿ ಕಲಿಯುವ ಎಲ್ಲರೂ ಓದುತ್ತಾರೆ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಫ್ಲಾರೆನ್ಸ್ ಮಹೋನಿ ಎಂಬ ವೈದ್ಯೆ ಮತ್ತು ಡೊರೊಥಿಯಾ ಬಾರ್ತೆಲ್ ಎಂಬ ಫಿಸಿಯೋಥೆರಪಿಸ್ಟ್ 1965ರಲ್ಲಿ ಪ್ರಕಟಿಸಿದ್ದು. ಹತ್ತು ಕೆಲಸಗಳು: ಊಟ, ಸ್ನಾನ, ತಲೆ ಬಾಚಿ ಮುಖ ತೊಳೆಯುವುದು, ಬಟ್ಟೆ ಹಾಕಿಕೊಳ್ಳುವುದು, ಮಲ ಮೂತ್ರಗಳ ಹಿಡಿತ, ಶೌಚಾಲಯದ ಬಳಕೆ, ಮಂಚದಿಂದ ಕುರ್ಚಿಗೆ ಬರುವುದು, ಓಡಾಟ, ಮೆಟ್ಟಿಲು. ಎಲ್ಲವನ್ನೂ ತಾನೇ ಮಾಡಿಕೊಳ್ಳುವವರಿಗೆ ನೂರಕ್ಕೆ ನೂರು.

ಚೊಕ್ಕ ಪಟ್ಟಿ. ಆಸ್ಪತ್ರೆಯ ಮಂಚದ ಪಕ್ಕ ಐದು ನಿಮಿಷದಲ್ಲಿ ತುಂಬಬಹುದು. ಆದರೆ ಓದುತ್ತಾ ಓದುತ್ತಾ ನನಗೆ ಅನಿಸಿದ್ದು, ಇದರಲ್ಲಿ ನೆಲವೇ ಇಲ್ಲ. ಮಂಚದಿಂದ ಕುರ್ಚಿಗೆ ಇದೆ, ಚಾಪೆಯಿಂದ ಎದ್ದು ನಿಲ್ಲುವುದು ಇಲ್ಲ. ಊಟ ಇದೆ, ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವುದು ಇಲ್ಲ. ಶೌಚಾಲಯ ಇದೆ, ಕುಕ್ಕರಗಾಲಿನ ಕಮೋಡು ಇಲ್ಲ. ದೇವರ ಮುಂದೆ ನಮಸ್ಕಾರ, ನಮಾಜಿನ ಸಜ್ದಾ, ಗದ್ದೆಯಲ್ಲಿ ನಾಟಿ, ಒಲೆಯ ಮುಂದಿನ ಮಣೆ, ಅಂಗಳದ ರಂಗೋಲಿ, ಇವೆಲ್ಲ ನೆಲದ ಮೇಲೆ ಅಥವಾ ನೆಲಕ್ಕೆ ಬಾಗಿ ಆಗುವ ಬದುಕು. ನೂರಕ್ಕೆ ನೂರು ಪಡೆದ ಮುದುಕಿ ಮನೆಗೆ ಹೋಗಿ ಮೊಮ್ಮಗುವಿನ ಜೊತೆ ನೆಲಕ್ಕೆ ಕೂತರೆ ಮತ್ತೆ ಏಳಲು ಇಬ್ಬರು ಬೇಕು.

ಆ ಪಟ್ಟಿ ಮಾಡಿದವರನ್ನು ದೂರುವಂತಿಲ್ಲ. ನೂರು ಅಂಕ ಬಂದವರು ಒಂಟಿಯಾಗಿ ಬದುಕಬಲ್ಲರೆಂದು ತಿಳಿಯಬೇಡಿ, ಅಡುಗೆ ಮಾಡುವುದು, ಮನೆ ನೋಡಿಕೊಳ್ಳುವುದು, ಹೊರಗಿನವರ ಜೊತೆ ವ್ಯವಹರಿಸುವುದು ಅವರಿಂದ ಆಗದೆಯೂ ಇರಬಹುದು ಎಂದು ಅವರೇ ಅವತ್ತೇ ಎಚ್ಚರಿಸಿದ್ದರು. ಅವರು ತಮ್ಮ ಮುಂದಿದ್ದ ರೋಗಿಗಳಿಗೆ, ತಮ್ಮ ಕಡೆಯ ಮನೆಗಳಿಗೆ ತಕ್ಕ ಪಟ್ಟಿ ಮಾಡಿದರು. ನಮ್ಮ ಮನೆಗಳಿಗೆ ತಕ್ಕದ್ದನ್ನು ನಾವು ಅಷ್ಟೇ ಮುತುವರ್ಜಿಯಿಂದ ಕಲಿಸಬೇಕು. ಪರೀಕ್ಷೆಯಲ್ಲಿ ಅಂಕ ಬರುವ ಪ್ರಶ್ನೆಯಾಗಿ ಕೇಳಬೇಕು. ವಿದ್ಯಾರ್ಥಿಗಳು ಓದುವುದು ಪರೀಕ್ಷೆಗೆ ಬರುವುದನ್ನೇ.

*

ಮಂಡಿ. ನಡೆಯಲು ಅದು ಮಡಿಯಬೇಕಾದ್ದು 60-70 ಡಿಗ್ರಿ. ಕುರ್ಚಿಯಿಂದ ಏಳಲು 90ಕ್ಕಿಂತ ತುಸು ಹೆಚ್ಚು. ಕುಕ್ಕರಗಾಲಿನಲ್ಲಿ ಕೂರಲು 120 ದಾಟಿ ಇನ್ನೂ ಎಷ್ಟೋ ಮುಂದೆ. ಮಂಡಿ ಚಿಪ್ಪಿನ ಆಪರೇಷನ್ ಆದವರ ಕೇಸ್‌ಶೀಟಿನಲ್ಲಿ 110 ಎಂದು ಬರೆದು "ಚೆನ್ನಾಗಿದೆ" ಎಂದು ಗುರುತು ಹಾಕಿದ್ದನ್ನು ನೋಡಿದೆ. ಪುಸ್ತಕದ ಪ್ರಕಾರ ಚೆನ್ನಾಗಿಯೇ ಇದೆ. ರೋಗಿ ಹಪ್ಪಳ ಒತ್ತಿ ಜೀವನ ಮಾಡುವವರು.

*

ಕಾಲನ್ನೇ ಹೊಸದಾಗಿ ಮಾಡಬೇಕಾಗಿ ಬಂದಾಗ ನೆಲದ ಪ್ರಶ್ನೆಯನ್ನು ಎದುರಿಸಿದವರು ಜೈಪುರದವರು. 1960ರ ದಶಕದ ಕೊನೆಯಲ್ಲಿ ಅಲ್ಲಿನ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಮೂಳೆ ವೈದ್ಯ ಪಿ. ಕೆ. ಸೇಠಿ, ಕರಕುಶಲಿ ರಾಮಚಂದ್ರ ಶರ್ಮಾ ಸೇರಿ ಒಂದು ಪಾದ ರೂಪಿಸಿದರು. ಅದಕ್ಕಿಂತ ಮೊದಲು ಸಿಗುತ್ತಿದ್ದ ವಿದೇಶಿ ಮಾದರಿಯ ಪಾದ ಬೂಟಿನೊಳಗೆ ಇರಬೇಕಾದದ್ದು; ಅದರ ಕೀಲು ಬಾಗುತ್ತಿರಲಿಲ್ಲ. ಗದ್ದೆಯ ಕೆಸರಿನಲ್ಲಿ, ಗುಡಿಯ ಹೊಸಿಲಲ್ಲಿ, ಬಾವಿಕಟ್ಟೆಯಲ್ಲಿ ಬೂಟು ಹಾಕಿಕೊಂಡು ನಿಲ್ಲುವವರು ಯಾರು? ಕಾಲು ಕೊಟ್ಟು ಕಳಿಸಿದವರು ಅದನ್ನು ಮೂಲೆಗಿಟ್ಟು ಊರುಗೋಲಿಗೇ ಮರಳುತ್ತಿದ್ದರು. ಶರ್ಮಾ ರಬ್ಬರನ್ನು ಅಚ್ಚಿಗೆ ಹಾಕಿ ಬೇಯಿಸಿ, ಬರಿಗಾಲಲ್ಲಿ ನಡೆಯಬಹುದಾದ, ಕುಕ್ಕರಗಾಲಲ್ಲಿ ಕೂರಬಹುದಾದ, ಬೆರಳುಗಳಿರುವ ಪಾದ ಮಾಡಿದರು. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಈ ಕತೆಯನ್ನು ಪುನರ್ವಸತಿಯ ಮಕ್ಕಳೆಲ್ಲ ಓದಿರುತ್ತಾರೆ. ಅದನ್ನು ಒಂದು ಸಾಧನವಾಗಿ ಓದಿ ಎರಡು ಅಂಕಕ್ಕೆ ಬರೆದು ಮುಂದೆ ಹೋಗುತ್ತಾರೆ ಎಂಬುದೇ ನನ್ನ ಬೇಸರ. ಸಾಧನಕ್ಕಿಂತ ಅದರ ಹಿಂದಿನ ವಿಚಾರಣೆ ದೊಡ್ಡದು. ಕೊಟ್ಟ ಕಾಲನ್ನು ಜನ ಯಾಕೆ ಬಿಟ್ಟರು ಎಂದು ಅವರು ಕೇಳಿಕೊಂಡರು. ಇವತ್ತಿನ ವಿದ್ಯಾರ್ಥಿ ತಾನು ಕೊಟ್ಟ ಸ್ಪ್ಲಿಂಟು, ವಾಕರು, ಶ್ರವಣ ಯಂತ್ರ ಮೂರು ತಿಂಗಳ ಮೇಲೆ ಎಲ್ಲಿದೆ ಎಂದು ನೋಡಿ ಬರಲು ಯಾವ ಸೆಮಿಸ್ಟರಿನಲ್ಲಿ ಅವಕಾಶವಿದೆ?

*

ಕೃತಕ ಅಂಗಗಳನ್ನು ಮಾಡುವ ವಿದ್ಯೆ ಕಲಿಯುವವರ ತರಗತಿಗೆ ಹೋದರೆ ಮೂಗಿಗೆ ಬಿಸಿ ಪ್ಲಾಸ್ಟಿಕ್ ವಾಸನೆ, ಮೈತುಂಬ ಬಿಳಿ ಪುಡಿ. ಬೆಂಗಳೂರಿನಲ್ಲಿ 1994ರಲ್ಲಿ ಶುರುವಾದ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳು ಈ ಕಲಿಕೆಗೆ ಹೆಸರಾಗಿವೆ. ಹೆಸರಿಗೆ ಪ್ರಾಸ್ಥೆಟಿಕ್ಸ್ ಅಂಡ್ ಆರ್ಥಾಟಿಕ್ಸ್, ನೋಡಲು ಒಂದು ಕಾರ್ಖಾನೆ.

ಮಂಡಿಯ ಕೆಳಗೆ ಕಾಲು ಹೋದವರಿಗೆ ಸಾಕೆಟ್, ಅಂದರೆ ಉಳಿದ ಕಾಲು ಕೂರುವ ಗೂಡು, ಮಾಡುವುದನ್ನು ಬೆಳಗಿನಿಂದ ಸಂಜೆವರೆಗೆ ನೋಡಿದೆ. ಉಳಿದ ಕಾಲಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆಯುತ್ತಾರೆ. ಆ ಅಚ್ಚಿಗೆ ಪ್ಲಾಸ್ಟರ್ ಹೊಯ್ದು ಕಾಲಿನ ಪ್ರತಿರೂಪ ಮಾಡುತ್ತಾರೆ. ಆಮೇಲಿನದೇ ನಿಜವಾದ ವಿದ್ಯೆ. ಪ್ರತಿರೂಪವನ್ನು ಇದ್ದ ಹಾಗೇ ಬಿಡುವುದಿಲ್ಲ. ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಭಾರ ತಡೆಯುತ್ತದೆ, ಅಲ್ಲಿ ಅರದಿಂದ ಉಜ್ಜಿ ತಗ್ಗು ಮಾಡುತ್ತಾರೆ. ಸಾಕೆಟ್ ಅಲ್ಲಿ ಒತ್ತಿ ಹಿಡಿಯಲಿ ಅಂತ. ಹೊರಗಡೆಯ ಸಣ್ಣ ಮೂಳೆಯ ತಲೆ ಭಾರ ತಡೆಯದು, ನರವೂ ಅಲ್ಲೇ ಹಾದುಹೋಗುತ್ತದೆ. ಅಲ್ಲಿ ಪ್ಲಾಸ್ಟರ್ ಮೆತ್ತಿ ಉಬ್ಬಿಸುತ್ತಾರೆ, ಸಾಕೆಟ್ ಅಲ್ಲಿ ಸಡಿಲವಾಗಲಿ ಅಂತ. ಅಂದರೆ ಕಾಲಿನಂತೆಯೇ ಇರುವ ಸಾಕೆಟ್ ಕಾಲಿಗೆ ಒಗ್ಗುವುದಿಲ್ಲ. ಯಾವ ಜಾಗ ನೋವು ತಾಳುತ್ತದೆ, ಯಾವುದು ತಾಳದು ಎಂದು ತಿಳಿದು ತಿದ್ದಿದ್ದು ಮಾತ್ರ ಒಗ್ಗುತ್ತದೆ. ಆ ತಿದ್ದುಪಡಿ ಕಲಿಸುವ ಮೇಷ್ಟ್ರು ಕಣ್ಣು ಮುಚ್ಚಿ ಹೆಬ್ಬೆರಳಿನಲ್ಲಿ ಪ್ಲಾಸ್ಟರ್ ಸವರಿ "ಇಲ್ಲಿ ಇನ್ನೊಂಚೂರು" ಎನ್ನುತ್ತಿದ್ದರು. ಕಾಯಿಸಿದ ಪಾಲಿಪ್ರೊಪಿಲಿನ್ ಹಾಳೆ ಅದರ ಮೇಲೆ ಎಳೆದ ಮೇಲೆ ತಪ್ಪು ತಿದ್ದುವುದು ಕಷ್ಟ.

ಕಾಲು ಕಳೆದುಕೊಂಡು ಬರುವವರಲ್ಲಿ ಸಕ್ಕರೆ ಕಾಯಿಲೆಯವರೇ ಹೆಚ್ಚುತ್ತಿದ್ದಾರೆ ಎಂದು ಅವರು ಹೇಳಿದರು. ಸ್ಪರ್ಶ ಸತ್ತ ಚರ್ಮ. ಒತ್ತಿದರೆ ನೋಯುತ್ತದೆ ಎಂದು ಹೇಳಬೇಕಾದವರಿಗೇ ನೋವು ಗೊತ್ತಾಗುವುದಿಲ್ಲ. ಅವರ ಬದಲು ವಿದ್ಯಾರ್ಥಿ ಚರ್ಮದ ಬಣ್ಣ ನೋಡಿ ಓದಬೇಕು.

*

ಆಕ್ಯುಪೇಷನಲ್ ಥೆರಪಿ. ನಮ್ಮ ಜನಕ್ಕೆ ಅತಿ ಕಡಿಮೆ ಗೊತ್ತಿರುವ ಕೋರ್ಸ್ ಇದೇ ಇರಬೇಕು. ಭಾರತಕ್ಕೆ ಇದನ್ನು ತಂದವರು ಕಮಲಾ ನಿಂಬ್ಕರ್. ಅಮೆರಿಕದಲ್ಲಿ ಎಲಿಜಬೆತ್ ಲುಂಡಿಯಾಗಿ ಹುಟ್ಟಿ, ಭಾರತೀಯರನ್ನು ಮದುವೆಯಾಗಿ ಮುಂಬಯಿಗೆ ಬಂದವರು. 1950ರಲ್ಲಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ಮೊದಲ ಶಾಲೆ ಶುರು ಮಾಡಿದರು.

ಇಲ್ಲಿ ಸ್ನಾಯುವಿನಿಂದ ಆರಂಭಿಸುವುದಿಲ್ಲ, ಕೆಲಸದಿಂದ ಆರಂಭಿಸುತ್ತಾರೆ. "ನಿಮಗೆ ಏನು ಮಾಡಕ್ಕಾಗಬೇಕು?" ಇದು ಮೊದಲ ಪ್ರಶ್ನೆ. ನಾನು ಪಕ್ಕದಲ್ಲಿ ಕೂತು ಬರೆದುಕೊಂಡ ಉತ್ತರಗಳು:

ಮಂಡ್ಯ ಕಡೆಯ ಹಿರಿಯರು: "ಮುದ್ದೆ ಮುರಿಯಕ್ಕಾಗಬೇಕು ಕಣವ್ವ, ಇನ್ನೇನೂ ಬ್ಯಾಡ."

ಬಾಗಲಕೋಟೆ ಕಡೆಯ ತಾಯಿ: "ರೊಟ್ಟಿ ಬಡಿಯಾಕ ಬರಬೇಕ್ರಿ. ಸೊಸಿ ಬಡೀತಾಳ, ಆದ್ರ ನನಗ ಬಡಿಯಾಕ ಬರಬೇಕು."

ಮಲೆನಾಡಿನ ಒಬ್ಬರು: "ತೋಟಕ್ಕೆ ಹೋಗಿ ಬರೋ ಹಾಗಾದ್ರೆ ಸಾಕು ಮಾರಾಯ್ತಿ, ಕೆಲಸ ಏನು ಮಾಡೋದು ಬೇಡ, ನೋಡ್ಕೊಂಡು ಬಂದ್ರಾಯ್ತು."

ರೊಟ್ಟಿಯನ್ನು ವಿದ್ಯಾರ್ಥಿನಿ ಬಿಡಿಸಿ ಬರೆದ ಹಾಳೆ ನೋಡಿ ಬೆರಗಾದೆ. ಬಿಸಿನೀರು ಹೊಯ್ಯುವಾಗ ಮಣಿಕಟ್ಟಿನ ಹಿಡಿತ, ಹಿಟ್ಟು ನಾದುವಾಗ ಭುಜದಿಂದ ಅಂಗೈವರೆಗಿನ ಬಲ, ಬಡಿಯುವಾಗ ಒಂದು ಕೈ ಬಡಿದು ಇನ್ನೊಂದು ಅಂಚು ತಿರುಗಿಸುವ ಎರಡೂ ಕೈಗಳ ಹೊಂದಾಣಿಕೆ, ಎತ್ತಿ ಹಂಚಿಗೆ ಹಾಕುವಾಗ ಹರಿಯದಂತೆ ಬೆರಳು ಹರಡುವುದು, ಬಿಸಿಯ ಅರಿವು, ಇಷ್ಟು ಹೊತ್ತೂ ಕೆಳಗೆ ಕೂತಿರುವ ಸೊಂಟದ ತಾಳ್ಮೆ. ಆ ಹುಡುಗಿ ಕೇರಳದವಳು. ಜೋಳದ ರೊಟ್ಟಿ ಬಡಿಯುವುದನ್ನು ಎಂದೂ ನೋಡಿರಲಿಲ್ಲ. ರೋಗಿಯ ಸೊಸೆ ಫೋನಿನಲ್ಲಿ ತೆಗೆದು ಕಳಿಸಿದ ವಿಡಿಯೋವನ್ನು ಮತ್ತೆ ಮತ್ತೆ ನಿಲ್ಲಿಸಿ ನೋಡಿ ಬರೆದಿದ್ದಳು. ಮೊದಲ ಅಭ್ಯಾಸಕ್ಕೆ ಮೈದಾ ಹಿಟ್ಟಿನ ಮೆತ್ತನೆ ಉಂಡೆ ಕೊಟ್ಟಳು. ತಾಯಿ ಅದನ್ನು ಮುಟ್ಟಿ ನೋಡಿ, "ಇದು ಬಡಿಯೋ ಹಿಟ್ಟಲ್ಲವಾ" ಎಂದು ಪಕ್ಕಕ್ಕಿಟ್ಟರು. ಮರುದಿನ ಜೋಳದ ಹಿಟ್ಟೇ ಬಂತು.

*

ಬಲಗೈ ಬಿದ್ದುಹೋದವರಿಗೆ ಎಡಗೈಯಲ್ಲಿ ಉಣ್ಣಲು ಕಲಿಸುವುದು ಪುಸ್ತಕದ ದಾರಿ. ಮೇಜಿನ ಮೇಲೆ ಚಮಚ ಇಟ್ಟುಕೊಂಡ ನಾಡಿನಲ್ಲಿ ಅದು ಸಣ್ಣ ಬದಲಾವಣೆ. ಇಲ್ಲಿ ಎಡಗೈಯ ಕೆಲಸ ಬೇರೆ. ಮಗನ ಮುಂದೆ, ಬೀಗರ ಮುಂದೆ ಎಡಗೈಯಲ್ಲಿ ಅನ್ನ ಕಲಸಿ ಉಣ್ಣುವುದಕ್ಕಿಂತ ಹೆಂಡತಿ ತಿನ್ನಿಸಲಿ ಎಂದು ಕೂತ ಯಜಮಾನರನ್ನು ನೋಡಿದೆ. ಆಸ್ಪತ್ರೆಯ ಕಡತದಲ್ಲಿ ಅದು "ಸಹಕಾರ ಕಡಿಮೆ" ಎಂದು ದಾಖಲಾಗುತ್ತದೆ. ನನಗೆ ಆ ಎರಡು ಪದ ಅನ್ಯಾಯ ಅನಿಸಿತು. ಚಿಕಿತ್ಸೆಗೆ ಅವರು ಅಡ್ಡಿ ಮಾಡುತ್ತಿಲ್ಲ, ಪಂಕ್ತಿಯಲ್ಲಿ ತಲೆ ತಗ್ಗಿಸಲಾರರು ಅಷ್ಟೇ. ಕೊನೆಗೆ ಆ ವಿಭಾಗದ ಹಿರಿಯರು ಬಲಗೈ ಅಂಗೈಗೆ ಪಟ್ಟಿ ಕಟ್ಟಿ ಅದಕ್ಕೆ ಚಮಚ ಸಿಕ್ಕಿಸಿದರು. ಎಡಗೈ ಕೆಳಗಿನಿಂದ ಮೊಣಕೈಯನ್ನು ಎತ್ತಿ ಕೊಟ್ಟಿತು. ನಿಧಾನ, ಅನ್ನ ಚೆಲ್ಲುತ್ತದೆ. ಆದರೆ ಬಾಯಿಗೆ ಬಂದದ್ದು ಬಲಗೈಯಿಂದ.

*

ಮೈಸೂರು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಊರಿನವರು ಸ್ಪೀಚ್ ಅಂಡ್ ಹಿಯರಿಂಗ್ ಎಂದೇ ಹೇಳುವುದು. ಆಟೋದವರಿಗೂ ಅದೇ ಗುರುತು. 1960ರ ದಶಕದಿಂದ ಕೇಂದ್ರ ಆರೋಗ್ಯ ಸಚಿವಾಲಯದ ಕೆಳಗೆ ನಡೆಯುತ್ತಿದೆ. ದೇಶದ ಮೂಲೆಮೂಲೆಯ ಮಕ್ಕಳು ಇಲ್ಲಿ ಕಲಿಯಲು ಬರುತ್ತಾರೆ, ಇಲ್ಲಿಂದ ಜಗತ್ತಿನ ಮೂಲೆಮೂಲೆಗೆ ಹೋಗುತ್ತಾರೆ.

ಆಡಿಯೋಗ್ರಾಂ ಎಂಬ ನಕ್ಷೆ ನೋಡಿದೆ. ಬಲಗಿವಿ ಕೆಂಪು ಸೊನ್ನೆ, ಎಡಗಿವಿ ನೀಲಿ ಗುಣಾಕಾರದ ಗುರುತು. ಗೆರೆ ಕೆಳಗಿಳಿದಷ್ಟೂ ಕೇಳುವುದು ಕಡಿಮೆ. ಅಡ್ಡಕ್ಕೆ ಸ್ವರದ ಎತ್ತರ: ಎಡಗಡೆ ಮ, ಬ ಇತ್ಯಾದಿ ದಪ್ಪ ಧ್ವನಿಗಳು, ಬಲತುದಿಯಲ್ಲಿ ಸ. ಬಲಗಡೆ ಮಾತ್ರ ಗೆರೆ ಕುಸಿದಿದ್ದ ಒಂದು ಮಗುವಿನ ನಕ್ಷೆ ತೋರಿಸಿ ವಿದ್ಯಾರ್ಥಿ ವಿವರಿಸಿದ. ಆ ಮಗುವನ್ನು ಕರೆದರೆ ತಿರುಗುತ್ತದೆ, ಬಾಗಿಲು ಬಡಿದರೆ ಬೆಚ್ಚುತ್ತದೆ. ಹಾಗಾಗಿ ಕಿವಿ ಸರಿಯಿದೆ ಎಂದು ಮನೆಯವರು ವರ್ಷಗಟ್ಟಲೆ ನಂಬಿರುತ್ತಾರೆ. ಅದಕ್ಕೆ "ಸರ" "ಅರ" ಎರಡೂ ಒಂದೇ. ಶಾಲೆಯಲ್ಲಿ ದಡ್ಡ ಅನ್ನಿಸಿಕೊಳ್ಳುತ್ತದೆ. ಹುಟ್ಟಿದ ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ನಿರ್ಧಾರ, ಆರು ತಿಂಗಳೊಳಗೆ ಚಿಕಿತ್ಸೆ ಎಂಬುದು ಜಗತ್ತು ಒಪ್ಪಿದ ನಿಯಮ. ನಮ್ಮಲ್ಲಿ "ಇವರ ಅಪ್ಪನೂ ತಡವಾಗೇ ಮಾತಾಡಿದ್ದು" ಎಂಬ ಅಜ್ಜಿಯ ಸಮಾಧಾನದಲ್ಲಿ ಮೂರು ವರ್ಷ ಕಳೆಯುತ್ತದೆ. ಮಿದುಳು ಮಾತು ಕಲಿಯಲು ಹೆಚ್ಚು ತೆರೆದುಕೊಂಡಿರುವ ವರ್ಷಗಳೇ ಅವು.

ಶಿಶುವಿಹಾರದ ತರಗತಿಗಳಲ್ಲಿ ಮಕ್ಕಳ ಜೊತೆ ತಾಯಂದಿರೂ ಇರುತ್ತಾರೆ. ಪಾಠ ಮಗುವಿಗಿಂತ ಹೆಚ್ಚಾಗಿ ತಾಯಿಗೇ. ಕುಕ್ಕರ್ ವಿಸಿಲ್ ಹೊಡೆದರೆ "ವಿಸಿಲ್ ಕೂಗ್ತು, ಕೇಳಿಸ್ತಾ? ಅನ್ನ ಆಯ್ತು" ಎನ್ನಬೇಕು. ಬೆಳಗಿನಿಂದ ರಾತ್ರಿವರೆಗೆ ನೋಡಿದ್ದು, ಮಾಡಿದ್ದು ಎಲ್ಲವನ್ನೂ ಹೇಳುತ್ತಲೇ ಇರಬೇಕು. ಶಸ್ತ್ರಚಿಕಿತ್ಸೆ ಮಾಡಿ ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಇಟ್ಟರೂ ಅದು ಶಬ್ದವನ್ನಷ್ಟೇ ಮುಟ್ಟಿಸುತ್ತದೆ. ಶಬ್ದವನ್ನು ಮಾತು ಮಾಡುವುದು ಈ ದಿನವಿಡೀ ಹರಟೆ. ಗಂಡನ ಊರು ಬಿಟ್ಟು, ಮೈಸೂರಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಮಗುವಿನ ಕಿವಿಗಾಗಿ ವರ್ಷಗಟ್ಟಲೆ ಇರುವ ತಾಯಂದಿರಿದ್ದಾರೆ. ಯಾವ ವಿಶ್ವವಿದ್ಯಾಲಯವೂ ಅವರಿಗೆ ಪದವಿ ಕೊಡುವುದಿಲ್ಲ. ಕೊಡಬೇಕೆಂದು ನಾನು ಮನಃಪೂರ್ವಕ ಬಯಸುತ್ತೇನೆ.

ಅಲ್ಲಿಯೇ ಇನ್ನೊಂದು ಗೊಂದಲ. ಕಿವುಡರ ಸಮುದಾಯದ ಹಿರಿಯರು ಕೈಸನ್ನೆಯ ಭಾಷೆ ನಮ್ಮ ಭಾಷೆ, ಅದನ್ನು ಮಗುವಿಗೆ ಮೊದಲು ಕೊಡಿ ಎನ್ನುತ್ತಾರೆ. ಮಾತು ಕಲಿಸುವವರು ಕಿವಿಯನ್ನು ಮೊದಲು ಎಬ್ಬಿಸಿ ಎನ್ನುತ್ತಾರೆ. ಎರಡೂ ಕಡೆ ಪ್ರೀತಿಯಿದೆ, ಎರಡೂ ಕಡೆ ಅನುಭವವಿದೆ. ಮಾತಿನ ಚಿಕಿತ್ಸೆ ಕಲಿಯುವವರು ಸನ್ನೆ ಭಾಷೆಯಲ್ಲಿ ಒಂದು ಸಂಭಾಷಣೆ ನಡೆಸುವಷ್ಟಾದರೂ ಕಲಿತಿರಬೇಕು ಎಂಬಲ್ಲಿಗೆ ನನ್ನ ಯೋಚನೆ ನಿಂತಿದೆ.

*

ಪಾರ್ಶ್ವವಾಯುವಿನಿಂದ ಮಾತು ಹೋದವರು. ಹೆಂಡತಿಯ ಹೆಸರು ಕೇಳಿದರೆ ಹೊರಡುವುದಿಲ್ಲ. ಸೋಮವಾರ ಎಂದು ನೀವು ಶುರು ಮಾಡಿದರೆ ಶನಿವಾರದವರೆಗೆ ಅವರೇ ಹೇಳಿಬಿಡುತ್ತಾರೆ. ಭಜನೆ ಶುರು ಮಾಡಿದರೆ ಪದಗಳ ಸಮೇತ ಹಾಡುತ್ತಾರೆ. ಸಿಟ್ಟು ಬಂದರೆ ಬೈಗುಳ ನಿಚ್ಚಳ. ಬೇಕೆಂದು ಹುಡುಕಿ ಆಡುವ ಮಾತು, ತಾನಾಗಿ ಬರುವ ಮಾತು ಎರಡಕ್ಕೂ ಮಿದುಳಿನಲ್ಲಿ ದಾರಿ ಬೇರೆ ಬೇರೆ. ಒಂದು ಕೆಟ್ಟರೆ ಇನ್ನೊಂದು ಉಳಿದಿರಬಹುದು. ಚಿಕಿತ್ಸೆ ಉಳಿದ ದಾರಿಯಿಂದ ಕೆಟ್ಟ ದಾರಿಗೆ ದಾಟಲು ನೋಡುತ್ತದೆ. ಇಲ್ಲಿ ವಿದ್ಯಾರ್ಥಿಗೆ ರೋಗಿಯ ಭಜನೆ ಗೊತ್ತಿರಬೇಕು, ಬೈಗುಳವೂ ಗೊತ್ತಿರಬೇಕು. ಕನ್ನಡದ ಉಚ್ಚಾರಣೆ ಪರೀಕ್ಷೆಯನ್ನು ಮೈಸೂರಿನವರು 1972ರಷ್ಟು ಹಿಂದೆಯೇ ಸಿದ್ಧಪಡಿಸಿದ್ದರು. ಆ ಕೆಲಸ ತುಳು, ಕೊಡವ, ಲಂಬಾಣಿ, ದಖನಿ ಉರ್ದು ಮನೆಮಾತಿನವರಿಗೂ ಅಷ್ಟೇ ಜರೂರು.

ಇದೇ ವಿಭಾಗದವರು ನುಂಗುವುದನ್ನೂ ಕಲಿಸುತ್ತಾರೆ ಎಂದು ತಿಳಿದು ಅಚ್ಚರಿಪಟ್ಟೆ. ಮಾತಾಡುವ ಅಂಗಗಳೇ ನುಂಗುವ ಅಂಗಗಳು. ತಿಳಿನೀರು ಗಂಟಲಲ್ಲಿ ಜಾರಿ ಶ್ವಾಸನಾಳಕ್ಕೆ ಹೋದೀತು, ಅದಕ್ಕೇ ದ್ರವವನ್ನು ಮಂದ ಮಾಡಿ ಕೊಡುತ್ತಾರೆ. ಅದಕ್ಕೆಂದೇ ಮಾರುವ ಪುಡಿ ದುಬಾರಿ. ಒಬ್ಬ ಇಂಟರ್ನಿ ರಾಗಿ ಅಂಬಲಿಯನ್ನು ಚಮಚದಿಂದ ಎತ್ತಿ ಎಷ್ಟು ನಿಧಾನಕ್ಕೆ ಬೀಳುತ್ತದೆ ಎಂದು ಮತ್ತೆ ಮತ್ತೆ ನೋಡುತ್ತಿದ್ದ. ಮಂದ ಎಷ್ಟಿರಬೇಕೆಂದು ಮನೆಯವರಿಗೆ ತೋರಿಸಿಕೊಡಲು.

*

ಕಾನೂನಿನ ಕಡೆಯ ಗೊಂದಲ. ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ 1992ರದು. ಶ್ರವಣ ತಜ್ಞರು, ವಾಕ್ ಚಿಕಿತ್ಸಕರು, ಕೃತಕ ಅಂಗ ತಜ್ಞರು, ವಿಶೇಷ ಶಿಕ್ಷಕರು, ಕ್ಲಿನಿಕಲ್ ಸೈಕಾಲಜಿಸ್ಟರು ಅದರ ರಿಜಿಸ್ಟರಿನಲ್ಲಿ ಹೆಸರು ಬರೆಸಬೇಕು. ಅರ್ಹತೆಯಿಲ್ಲದೆ ಕೆಲಸ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. ಫಿಸಿಯೋಥೆರಪಿಯವರು, ಆಕ್ಯುಪೇಷನಲ್ ಥೆರಪಿಯವರು ಇದರಲ್ಲಿ ಇಲ್ಲ! ಅವರಿಗೆ ರಾಷ್ಟ್ರಮಟ್ಟದ ಕಾನೂನು ಬಂದದ್ದು 2021ರಲ್ಲಿ, ಬೇರೆ ಆಯೋಗದ ಹೆಸರಿನಲ್ಲಿ, ಬೇರೆ ಸಚಿವಾಲಯದ ಕೆಳಗೆ. ಕೃತಕ ಕಾಲು ಮಾಡಿಕೊಡುವವರು ಒಂದು ಕಾಯ್ದೆಯ ಕೆಳಗೆ, ಆ ಕಾಲಿನಲ್ಲಿ ನಡೆಯಲು ಕಲಿಸುವವರು ಇನ್ನೊಂದರ ಕೆಳಗೆ. ರೋಗಿ ಒಬ್ಬನೇ.

*

ಈ ಕಾಲೇಜುಗಳು ಹುಟ್ಟಿದ್ದರ ಹಿಂದೆ ಪೋಲಿಯೋ ಇದೆ. ಮುಂಬಯಿಯಲ್ಲಿ ಪೋಲಿಯೋ ಹಬ್ಬಿದ ಬೆನ್ನಲ್ಲೇ 1953ರಲ್ಲಿ ಫಿಸಿಯೋಥೆರಪಿ ಶಾಲೆ ತೆರೆಯಿತು. 2011ರ ಜನವರಿಯಲ್ಲಿ ಹೌರಾದಲ್ಲಿ ದೇಶದ ಕೊನೆಯ ವೈಲ್ಡ್ ಪೋಲಿಯೋ ವೈರಸ್ ಪ್ರಕರಣ. 2014ರಲ್ಲಿ ಭಾರತ ಪೋಲಿಯೋಮುಕ್ತ. ಕ್ಯಾಲಿಪರ್ ಹಾಕಿದ ಮಕ್ಕಳು ಸಾಲಾಗಿ ನಿಂತ ಹಳೆಯ ಫೋಟೋಗಳು ಇಂದಿನ ವಿದ್ಯಾರ್ಥಿಗಳಿಗೆ ಇತಿಹಾಸ. ಆ ಮಕ್ಕಳೇ ಈಗ ಐವತ್ತು ಅರವತ್ತು ದಾಟಿ, ಗಟ್ಟಿಯಿದ್ದ ಕಾಲೂ ಸೋಲುತ್ತಿದೆ ಎಂದು ಮತ್ತೆ ಬರುತ್ತಿದ್ದಾರೆ. ಅವರನ್ನು ಪರೀಕ್ಷಿಸುತ್ತಿರುವವರು ಪೋಲಿಯೋ ಎಂದೂ ನೋಡದ ತಲೆಮಾರು.

*

ಡಾ. ಮೇರಿ ವರ್ಗೀಸ್ 1954ರಲ್ಲಿ ಅಪಘಾತದಲ್ಲಿ ಬೆನ್ನುಹುರಿಗೆ ಏಟಾಗಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ವೆಲ್ಲೂರಿನ ಪುನರ್ವಸತಿ ವಿಭಾಗವನ್ನು ಕಟ್ಟಿದವರು ಅವರು. ಬೆಂಗಳೂರಿನಲ್ಲಿ 1959ರಲ್ಲಿ ಅಂಗವಿಕಲರ ಸಂಘವನ್ನು ಆರಂಭಿಸಿದ ಎನ್. ಎಸ್. ಹೇಮಾ ಸ್ವತಃ ಪೋಲಿಯೋ ಪೀಡಿತರು. ಈ ಕ್ಷೇತ್ರದ ಅಡಿಪಾಯದಲ್ಲಿ ಇಂಥವರಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅಂಗವಿಕಲರಿಗೆ ಕನಿಷ್ಠ ಶೇಕಡಾ 5 ಸೀಟು ಮೀಸಲಿಡಬೇಕು ಎನ್ನುತ್ತದೆ. ಆದರೂ ನಾನು ಕೂತ ಪುನರ್ವಸತಿ ತರಗತಿಗಳಲ್ಲಿ ಗಾಲಿಕುರ್ಚಿಯ ವಿದ್ಯಾರ್ಥಿಯನ್ನು ಕಾಣಲಿಲ್ಲ. ಒಂದು ಕಾಲೇಜಿನಲ್ಲಿ ತರಗತಿ ಎರಡನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ರ್‍ಯಾಂಪಿನ ಇಳಿಜಾರು ಹನ್ನೆರಡಕ್ಕೆ ಒಂದರಂತಿರಬೇಕು ಎಂಬ ಪಾಠ ಅವತ್ತು ಅದೇ ತರಗತಿಯಲ್ಲಿ ನಡೆಯುತ್ತಿತ್ತು. ಇದನ್ನು ಆ ಆಡಳಿತದವರಿಗೂ ಹೇಳಿದ್ದೇನೆ.

*

ಇಂಟರ್ನಿಗಳ ಜೊತೆ ಒಂದು ಹಳ್ಳಿಮನೆಗೆ ಹೋಗಿದ್ದೆವು. ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಏಟಾದವರು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ದಾರಿ ತೋರಿಸಿದರು, ಅವರೂ ಊರುಗೋಲಿನವರು. ಗಾಲಿಕುರ್ಚಿಯ ಅಗಲ 25 ಇಂಚು, ಬಚ್ಚಲು ಮನೆ ಬಾಗಿಲು 24.

ಹುಡುಗ ಟೇಪು ಮಡಚಿ, "ಬಾಗಿಲು ತೆಗೆದುಹಾಕಿ ಪರದೆ ಹಾಕಬಹುದು ಅಣ್ಣಾ" ಎಂದ. ಅವರ ಹೆಂಡತಿ ಒಪ್ಪಲಿಲ್ಲ. "ಮನೇಲಿ ಬೆಳೆದ ಹೆಣ್ಣುಮಗು ಅದೆ, ಪರದೆ ಹೆಂಗಪ್ಪಾ ಆಗ್ತದೆ?" ಅಷ್ಟು ಹೊತ್ತು ಸುಮ್ಮನಿದ್ದ ಯಜಮಾನರು, ಬಾಗಿಲನ್ನು ಚೌಕಟ್ಟಿನ ಒಳಗಿನಿಂದ ಬಿಚ್ಚಿ ಗೋಡೆಯ ಹೊರಮುಖಕ್ಕೆ ಕೂರಿಸಿದರೆ ಎಷ್ಟು ಜಾಗ ಸಿಗುತ್ತದೆ ಎಂದು ಕೇಳಿದರು. ಮರಗೆಲಸ ಗೊತ್ತಿದ್ದವರು ಅವರು. ಹುಡುಗ ಮತ್ತೆ ಅಳೆದ. ಬಾಗಿಲ ಹಲಗೆಯ ದಪ್ಪ ಹೋದರೆ ಒಂದೂಕಾಲು ಇಂಚು ಹೆಚ್ಚು, ಕುರ್ಚಿಯ ಚಕ್ರ ತಿರುಗಿಸುವ ಹೊರಬಳೆ ಬಿಚ್ಚಿದರೆ ಇನ್ನೂ ಒಂದೆರಡು. ಹೊರಬಳೆ ಬಿಚ್ಚಿದರೆ ಅವರೇ ತಳ್ಳಿಕೊಳ್ಳುವುದು ಹೇಗೆ ಎಂದು ಹುಡುಗಿ ಕೇಳಿದಳು. ಬಳೆ ಬಿಚ್ಚುವುದು ಬೇಡವೆಂದಾಯಿತು. ಬಾಗಿಲು ಹೊರಗೆ, ಹಿಡಿಕೆ ಕುರ್ಚಿಯ ಎತ್ತರಕ್ಕೆ, ಅಗುಳಿ ಒಳಗಡೆ ಕೆಳಕ್ಕೆ. ಒಳಗೆ ನೆಲಮಟ್ಟದ ಹೊಂಡದ ಮೇಲೆ ಇಡಲು ನಡುವೆ ತೂತಿರುವ ಮರದ ಪೀಠ, ಹದಿನೆಂಟು ಇಂಚು ಎತ್ತರ. ಪೀಠವನ್ನು ತಾನೇ ಮಾಡುತ್ತೇನೆ, ಹಲಸಿನ ಹಲಗೆ ಅಟ್ಟದ ಮೇಲಿದೆ, ಇಳಿಸಿಕೊಡಿ ಎಂದರು. ಇಬ್ಬರು ಇಂಟರ್ನಿಗಳು ಏಣಿ ಹತ್ತಿದರು.